ಬಂದವರ ಲೆಕ್ಕ ಇದೆ, ಉಳಿದವರ ಲೆಕ್ಕ ಎಲ್ಲಿದೆ?

ರಾಜ್ಯದ ಕಾರ್ಮಿಕ ಸಚಿವರಿಗೆ, ಕೈಗಾರಿಕಾ ಸಚಿವರಿಗೆ. ಹಾಗೆಯೇ ಬೆಂಗಳೂರಿನ ಪೀಣ್ಯ, ರಾಜಾಜಿನಗರ, ಬೊಮ್ಮಸಂದ್ರದ ನನ್ನಂಥ ಸಣ್ಣ ಮಾಲೀಕರಿಗೆ.

ಮಾನ್ಯರೇ,

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಮಷಿನ್ ಶಾಪ್ ಇದೆ. ಕಂಪ್ಯೂಟರ್ ಮೇಲೆ ಓಡುವ ನಾಲ್ಕು ವಿಎಂಸಿ (ಲೋಹ ಕೊರೆಯುವ ಮಷಿನ್), ಮೂರು ಸಿಎನ್‌ಸಿ ಲೇತ್, ಒಂದು ಹಳೇ ಸರ್ಫೇಸ್ ಗ್ರೈಂಡರ್, ಇಪ್ಪತ್ತಾರು ಜನ. ಗೇಟಿನ ಮೇಲೆ 'ಬೇಕಾಗಿದ್ದಾರೆ: ವಿಎಂಸಿ ಸೆಟ್ಟರ್, ಆಪರೇಟರ್, ಹೆಲ್ಪರ್' ಅಂತ ಒಂದು ಬೋರ್ಡು. ಮೊದಲು ರಟ್ಟಿನ ಮೇಲೆ ಬರೆಸಿದ್ದೆ, ಮಳೆಗೆ ಹೋಯಿತು. ಆಮೇಲೆ ಫ್ಲೆಕ್ಸ್ ಹಾಕಿಸಿದೆ, ಬಿಸಿಲಿಗೆ ಬೆಳ್ಳಗಾಯಿತು. ಹೋದ ವರ್ಷ ತಗಡಿನ ಮೇಲೆ ಪೇಂಟ್ ಮಾಡಿಸಲು ಕೊಟ್ಟಾಗ ಬೋರ್ಡ್ ಬರೆಯುವವನು ಕೇಳಿದ, "ಪರ್ಮನೆಂಟಾ ಸಾರ್?" ಕೆಲಸದ ಬಗ್ಗೆ ಕೇಳುತ್ತಿದ್ದಾನೆ ಅಂದುಕೊಂಡು, ಹೌದಪ್ಪ, ಆರು ತಿಂಗಳು ಆದ ಮೇಲೆ ಪರ್ಮನೆಂಟ್ ಅಂದೆ. ಅವನು ಕೇಳಿದ್ದು ಬೋರ್ಡಿನ ವಿಷಯ.

ಆ ದಿನದಿಂದ ಈ ಪತ್ರ ಬರೆಯಬೇಕು ಅಂದುಕೊಂಡಿದ್ದೇನೆ. ಹೊಸಬರು ಸಿಗುತ್ತಿಲ್ಲ ಅನ್ನುವುದು ನನ್ನ ದೂರಲ್ಲ. ಹೊಸಬರು ಬರುತ್ತಾರೆ, ಕಲಿಯುತ್ತಾರೆ. ಕಲಿತವರು ನಿಲ್ಲುತ್ತಿಲ್ಲ.

ನಮ್ಮಲ್ಲಿ ಹನ್ನೊಂದು ವರ್ಷ ಇದ್ದ ಒಬ್ಬ ಸೆಟ್ಟರ್ (ಜಾಬನ್ನು ಮಷಿನ್ನಿಗೆ ಕೂರಿಸಿ ಅಳತೆ ಹೊಂದಿಸುವವರು) ಬಿಟ್ಟು ಹೋದ ಕತೆ ಹೇಳುತ್ತೇನೆ. ಶಾಪಿನಲ್ಲಿ ಎಲ್ಲರೂ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದರು, ನಾನೂ ಸೇರಿ. ಹೋಗಿದ್ದು ದೇವನಹಳ್ಳಿ ಕಡೆಯ ಒಂದು ದೊಡ್ಡ ಕಂಪನಿಗೆ. ತಿಂಗಳಿಗೆ ನಾಲ್ಕೂವರೆ ಸಾವಿರ ಜಾಸ್ತಿ, ಕಂಪನಿ ಬಸ್ಸು, ಕ್ಯಾಂಟೀನು. ಹೋಗುವ ಮುಂಚೆ ಒಂದು ತಿಂಗಳು ನಿಂತು ಹುಡುಗರಿಗೆ ಎಲ್ಲಾ ತೋರಿಸಿಕೊಟ್ಟರು. ಪ್ರೋಗ್ರಾಂ ಎಲ್ಲಾ ಸೇವ್ ಆಗಿದೆ, ಪ್ರೋಸೆಸ್ ಶೀಟ್ ಇದೆ, ಇನ್ನೇನು ಬೇಕು ಅಂತ ನಾನೂ ಧೈರ್ಯವಾಗಿದ್ದೆ.

ಅವರು ಹೋದ ಮೂರನೇ ವಾರ ಒಂದು ಅಲ್ಯುಮಿನಿಯಂ ಹೌಸಿಂಗ್, ಅಂದರೆ ಹೊರಕವಚ, ಬಂತು. ನಾವು ವರ್ಷಗಳಿಂದ ಮಾಡುತ್ತಿದ್ದ ಜಾಬೇ. ಗೋಡೆ ತೆಳು, ಮಧ್ಯದ ಬೋರಿಗೆ, ಅಂದರೆ ತೂತಿಗೆ, ಇಪ್ಪತ್ತೈದು ಮೈಕ್ರಾನ್ (ಮಿಲಿಮೀಟರಿನ ನಲವತ್ತನೇ ಒಂದು ಭಾಗ) ಒಳಗೇ ಟಾಲರೆನ್ಸ್. ಮಷಿನ್ ಮೇಲೆ ಇದ್ದಾಗ ಬೋರ್ ಗೇಜ್ ಹಾಕಿದರೆ ಸರಿಯಾಗಿದೆ. ಬಿಚ್ಚಿ ಟೇಬಲ್ ಮೇಲಿಟ್ಟರೆ ಮೊಟ್ಟೆ ಆಕಾರ. ನೂರಿಪ್ಪತ್ತರಲ್ಲಿ ನಲವತ್ತಾರು ಪೀಸ್ ರಿಜೆಕ್ಟ್. ಹುಡುಗರು ಟೂಲ್ ಬದಲಿಸಿದರು, ಫೀಡ್ ಇಳಿಸಿದರು, ಆಫ್‌ಸೆಟ್ ತಿದ್ದಿದರು. ಕೊನೆಗೆ ನಾಚಿಕೆ ಬಿಟ್ಟು ಅಣ್ಣನಿಗೇ ಫೋನ್ ಮಾಡಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಫಿನಿಶಿಂಗ್ ಮುಂಚೆ ಕ್ಲ್ಯಾಂಪ್ ಸಡಿಲ ಮಾಡ್ತಿದಾರಾ ಸಾರ್?"

ರಫ್ ಕಟಿಂಗ್ ಆದ ಮೇಲೆ ಕ್ಲ್ಯಾಂಪ್ ಬಿಚ್ಚಿ, ಜಾಬಿಗೆ ಉಸಿರಾಡಲು ಬಿಟ್ಟು, ಮತ್ತೆ ಹಗುರವಾಗಿ ಬಿಗಿದು ಕೊನೆಯ ಕಟ್ ತೆಗೆಯಬೇಕು. ಬಿಗಿಯಾಗಿ ಹಿಡಿದು ಗುಂಡಗೆ ಕೊರೆದರೆ, ಬಿಟ್ಟಾಗ ಅದು ತನ್ನ ಆಕಾರಕ್ಕೆ ಹೋಗುತ್ತದೆ. ಬೆಳಿಗ್ಗೆ ಇಪ್ಪತ್ತು ನಿಮಿಷ ಟೂಲ್ ತಿರುಗಿಸುವ ಸ್ಪಿಂಡಲ್ ಖಾಲಿ ಓಡಿಸಿ ಬಿಸಿ ಮಾಡದೆ ಈ ಜಾಬ್ ಹಾಕಬಾರದು ಅನ್ನುವುದೂ ಅವತ್ತೇ ನನಗೆ ಗೊತ್ತಾಗಿದ್ದು. ಖಾಲಿ ಓಡುತ್ತಿದ್ದ ಆ ಸ್ಪಿಂಡಲ್ ನೋಡಿ, ಕರೆಂಟ್ ಬಿಲ್ ನೆನೆಸಿಕೊಂಡು, ಒಂದೆರಡು ಸಲ ಅವರನ್ನು ಗದರಿಸಿದ್ದೂ ಉಂಟು.

ಇನ್ನು ಅವರು ಯಾಕೆ ಹೋದರು ಅನ್ನುವುದು. ಇದನ್ನು ಮಾಲೀಕರು ಗಮನವಿಟ್ಟು ಓದಬೇಕು, ಏಕೆಂದರೆ ತಪ್ಪು ನನ್ನದು. ಅಣ್ಣನ ಬೇಸಿಕ್ ಮತ್ತು ಡಿಎ ಸೇರಿ 26,000 ರೂಪಾಯಿ. ಕೆಲಸ ಜಾಸ್ತಿ ಬಂತು ಅಂತ ನಾಲ್ಕು ವರ್ಷ ಅನುಭವದ ಇನ್ನೊಬ್ಬ ಸೆಟ್ಟರ್‌ನನ್ನು 28,000ಕ್ಕೆ ತಗೊಂಡೆ. ಮಾರ್ಕೆಟ್ ರೇಟ್ ಅಷ್ಟಿತ್ತು. ಸಂಬಳದ ಗುಟ್ಟು ಆಫೀಸಿನ ಕಪಾಟಿನಲ್ಲಿರುತ್ತದೆ ಅಂದುಕೊಳ್ಳುವವರು ಪೀಣ್ಯದ ಟೀ ಅಂಗಡಿಗೆ ಹೋದವರಲ್ಲ. ಬೈ ಟು ಕಾಫಿ ಮುಗಿಯುವುದರೊಳಗೆ ಗೊತ್ತಾಗಿದೆ. ಅಣ್ಣ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಮೂರು ತಿಂಗಳಾದ ಮೇಲೆ ರಾಜೀನಾಮೆ ಪತ್ರ ತಂದಿಟ್ಟರು. ನಾನು ಕೂಡಲೇ ಐದು ಸಾವಿರ ಜಾಸ್ತಿ ಮಾಡುತ್ತೇನೆ ಅಂದೆ. ಅವರು ಅಂದಿದ್ದು ಇಷ್ಟೇ: "ಆಗಲೇ ಕೊಟ್ಟಿದ್ರೆ ಆಗ್ತಿತ್ತು ಸಾರ್. ಈಗ ತಗೊಂಡ್ರೆ ಹೆದರಿಸಿ ಕಿತ್ಕೊಂಡ ಹಾಗಾಗುತ್ತೆ."

ಹೋಗುವಾಗ ಗ್ರಾಚ್ಯುಟಿ ಲೆಕ್ಕ ಹಾಕಿದೆವು. ವರ್ಷಕ್ಕೆ ಹದಿನೈದು ದಿನದ ಸಂಬಳ, ತಿಂಗಳಿಗೆ ಇಪ್ಪತ್ತಾರು ದಿನದ ಲೆಕ್ಕದಲ್ಲಿ. ಹನ್ನೊಂದು ವರ್ಷಕ್ಕೆ 1,65,000 ರೂಪಾಯಿ. ಚೆಕ್ಕಿಗೆ ಸಹಿ ಹಾಕುವಾಗ ಒಂದು ವಿಚಾರ ಹೊಳೆಯಿತು. ಬಿಟ್ಟು ಹೋಗುವವರ ವಿಷಯದಲ್ಲಿ ಕಾನೂನು ಬಹಳ ಸ್ಪಷ್ಟ. ಗ್ರಾಚ್ಯುಟಿ ಕಾಯ್ದೆ 1972ರಲ್ಲೇ ಬಂತು. 2024ರಲ್ಲಿ ನಮ್ಮ ರಾಜ್ಯ ಗ್ರಾಚ್ಯುಟಿಗೆ ವಿಮೆ ಕಡ್ಡಾಯ ಮಾಡಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳ ಪ್ರಕಾರ ಬಿಟ್ಟವರ ಸಂಬಳದ ಲೆಕ್ಕ ಎರಡು ಕೆಲಸದ ದಿನಗಳೊಳಗೆ ಚುಕ್ತಾ ಆಗಬೇಕು. ಇದೆಲ್ಲ ಇರಬೇಕಾದದ್ದೇ, ನನ್ನ ತಕರಾರಿಲ್ಲ. ಒಳಗೆ ಬರುವವರ ಬಗ್ಗೆಯೂ ಸರ್ಕಾರ ಕೈಬಿಚ್ಚಿ ಯೋಚಿಸಿದೆ. ಅಪ್ರೆಂಟಿಸ್ ತಗೊಂಡರೆ ಸ್ಟೈಪೆಂಡಿನಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಕೇಂದ್ರದ ವಿಕಸಿತ ಭಾರತ ರೋಜ್‌ಗಾರ್ ಯೋಜನೆ 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ನಡೆಯುತ್ತದೆ, 99,446 ಕೋಟಿ ರೂಪಾಯಿಯದ್ದು. ಮೊದಲ ಸಲ ಕೆಲಸಕ್ಕೆ ಸೇರಿದವರಿಗೆ 15,000 ರೂಪಾಯಿವರೆಗೆ ಎರಡು ಕಂತಿನಲ್ಲಿ. ಹೆಚ್ಚುವರಿ ನೇಮಕ ಮಾಡಿದ ಮಾಲೀಕನಿಗೆ ತಲೆಗೆ ತಿಂಗಳಿಗೆ 3,000ದವರೆಗೆ ಎರಡು ವರ್ಷ, ತಯಾರಿಕಾ ಘಟಕಗಳಿಗೆ ಇನ್ನೂ ಎರಡು ವರ್ಷ.

ಒಳಗೆ ಬರುವ ಬಾಗಿಲಲ್ಲಿ ದುಡ್ಡು, ಹೊರಗೆ ಹೋಗುವ ಬಾಗಿಲಲ್ಲಿ ದುಡ್ಡು. ನಡುವೆ ಹನ್ನೊಂದು ವರ್ಷ ನಿಂತು ದುಡಿಯುವವನ ಲೆಕ್ಕ ಯಾವ ರಿಜಿಸ್ಟರಿನಲ್ಲಿದೆ? ಕೈಗಾರಿಕಾ ಸಚಿವರೇ, ಹೂಡಿಕೆದಾರರ ಸಮಾವೇಶಗಳಲ್ಲಿ ಎಷ್ಟು ಲಕ್ಷ ಉದ್ಯೋಗ ಸೃಷ್ಟಿ ಅಂತ ಘೋಷಿಸುತ್ತೀರಿ. ಎಷ್ಟು ಜನ ಒಂದೇ ಕಡೆ ಐದು ವರ್ಷ ನಿಂತರು ಅನ್ನುವ ಸಂಖ್ಯೆಯನ್ನು ಯಾರಾದರೂ ನಿಮ್ಮ ಮೇಜಿಗೆ ತರುತ್ತಾರೆಯೇ? ಅಣ್ಣನ ಜಾಗಕ್ಕೆ ನಾನು ಮತ್ತೊಬ್ಬನನ್ನು ತಗೊಂಡೆ. ನಿಮ್ಮ ಲೆಕ್ಕದಲ್ಲಿ ಅದೂ ಒಂದು ನೇಮಕ. ನನ್ನ ಲೆಕ್ಕದಲ್ಲಿ ಅದು ನಲವತ್ತಾರು ಹೌಸಿಂಗ್.

ಈ ನಡುವಿನ ಲೆಕ್ಕ ತಪ್ಪಿದಾಗ ಏನಾಗುತ್ತದೆ ಅನ್ನುವುದಕ್ಕೆ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಒಂದನ್ನೇ ನೋಡಿದರೆ ಸಾಕು.

ನಮ್ಮಲ್ಲಿ ಇನ್ಸ್‌ಪೆಕ್ಷನ್ ನೋಡಿಕೊಳ್ಳುವ ಒಬ್ಬ ಹೆಣ್ಣುಮಗಳಿದ್ದಾರೆ. ಒಂಬತ್ತು ವರ್ಷದ ಸರ್ವಿಸ್. ಲಗ್ಗೆರೆಯಿಂದ ಬರುತ್ತಾರೆ. ಮೈಕ್ರೋಮೀಟರ್ ಹಿಡಿದರೆ ಅವರ ಬೆರಳು ಮತ್ತು ಗೇಜ್ ಬೇರೆ ಬೇರೆ ಹೇಳಿದಾಗ ನಾನು ಮೊದಲು ಗೇಜನ್ನು ಕ್ಯಾಲಿಬ್ರೇಷನ್‌ಗೆ ಕಳಿಸುತ್ತೇನೆ. ಸಂಬಳ 20,800. ಹೋದ ಏಪ್ರಿಲ್‌ನಲ್ಲಿ 22,500 ಮಾಡೋಣ ಅಂತ ಕರೆದೆ. ಕೈಯಲ್ಲಿದ್ದ ಬಟ್ಟೆಯಿಂದ ಎಣ್ಣೆ ಒರೆಸಿಕೊಳ್ಳುತ್ತಾ ಬಂದವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೇಡ ಸಾರ್, ಹೀಗೇ ಇರಲಿ" ಅಂದರು.

ಇಂಕ್ರಿಮೆಂಟ್ ಬೇಡ ಅನ್ನುವವರನ್ನು ನಾನು ನೋಡಿದ್ದು ಅದೇ ಮೊದಲು. ವಿಷಯ ಏನೆಂದರೆ, ಅವರ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಇಎಸ್‌ಐ ಮೇಲೆ ನಡೆಯುತ್ತಿದೆ. ಇಎಸ್‌ಐಗೆ ಸಂಬಳದ ಮಿತಿ ತಿಂಗಳಿಗೆ 21,000 ರೂಪಾಯಿ. ಅದು ದಾಟಿದರೆ ಆ ಅರ್ಧ ವರ್ಷದ ಕಂತಿನ ಅವಧಿ ಮುಗಿದ ಮೇಲೆ ವಂತಿಗೆ ನಿಲ್ಲುತ್ತದೆ, ಅದರ ಹಿಂದೆಯೇ ಸೌಲಭ್ಯವೂ. ಈಗ ಅವರ ಸಂಬಳದಿಂದ 156 ರೂಪಾಯಿ, ನನ್ನ ಕಡೆಯಿಂದ 676, ಒಟ್ಟು 832 ರೂಪಾಯಿಗೆ ಇಡೀ ಕುಟುಂಬದ ಚಿಕಿತ್ಸೆ ನಡೆಯುತ್ತಿದೆ. ನಾನು 1,700 ಜಾಸ್ತಿ ಕೊಟ್ಟು ಅದನ್ನು ಕಿತ್ತುಕೊಳ್ಳಲು ಹೊರಟಿದ್ದೆ. ಡಯಾಲಿಸಿಸ್ ಮೇಲಿರುವವರಿಗೆ ಹೊಸದಾಗಿ ಯಾವ ಖಾಸಗಿ ವಿಮೆಯವರು ಬಾಗಿಲು ತೆರೆಯುತ್ತಾರೆ, ನೀವೇ ಹೇಳಿ. (ಬೇರೆ ರೀತಿಯಲ್ಲಿ ಅವರಿಗೆ ಏನಾದರೂ ಮಾಡುವ ದಾರಿಗಳಿವೆ ಅಂತ ನಮ್ಮ ಆಡಿಟರ್ ಹೇಳಿದರು. ಬಹಿರಂಗ ಪತ್ರದಲ್ಲಿ ಬರೆಯುವಂಥವಲ್ಲ.)

21,000ದ ಮಿತಿ ಬಂದದ್ದು 2017ರ ಜನವರಿಯಲ್ಲಿ. ಆಗ ನಮ್ಮ ಶಾಪಿನಲ್ಲಿ ಅದನ್ನು ದಾಟಿದವರು ಇಬ್ಬರೋ ಮೂವರೋ. ಈಗ ಐದಾರು ವರ್ಷದ ಆಪರೇಟರ್ ಓಟಿ ಇಲ್ಲದೆಯೇ ಅದರ ಹತ್ತಿರ ಬಂದು ನಿಲ್ಲುತ್ತಾನೆ. ಅಂದರೆ ಕೆಲಸ ಕಲಿತು, ಮದುವೆಯಾಗಿ, ಮಕ್ಕಳಾಗಿ, ಊರಲ್ಲಿರುವ ಅಪ್ಪ ಅಮ್ಮನಿಗೆ ಬಿಪಿ, ಶುಗರ್ ಶುರುವಾಗುವ ಹೊತ್ತಿಗೆ ಸರಿಯಾಗಿ ಇಎಸ್‌ಐ ಕೈಬಿಡುತ್ತದೆ. ದೊಡ್ಡ ಕಂಪನಿಯಲ್ಲಿ ಗ್ರೂಪ್ ಇನ್ಶೂರೆನ್ಸ್ ಇದೆ. ಇಪ್ಪತ್ತಾರು ಜನರ ನನಗೆ ವಿಮಾ ಕಂಪನಿ ಕೊಡುವ ದರವೇ ಬೇರೆ, ಅದರಲ್ಲೂ ತಂದೆ ತಾಯಿ ಸೇರಿಸಿ ಅಂದರೆ ಏಜೆಂಟ್ ನಗುತ್ತಾನೆ. ದೇವನಹಳ್ಳಿಯ ಬಸ್ಸು ಹತ್ತುವವನು ಬರೀ ಸಂಬಳಕ್ಕೆ ಹತ್ತುತ್ತಾನೆ ಅಂತ ತಿಳಿಯಬೇಡಿ.

ಕಾರ್ಮಿಕ ಸಚಿವರೇ, ಇಎಸ್‌ಐ ಕೇಂದ್ರದ್ದು ಅನ್ನುವ ಉತ್ತರ ನನಗೂ ಗೊತ್ತು. ಆದರೆ ಇಎಸ್‌ಐ ನಿಗಮದಲ್ಲಿ ರಾಜ್ಯಕ್ಕೂ ಒಂದು ಕುರ್ಚಿ ಇದೆ. ಅಲ್ಲಿ ಕೂತು ಎರಡು ವಿಷಯ ಎತ್ತಬೇಕು. ಮಿತಿಯನ್ನು ಏರಿಸಬೇಕು, ಏರಿಸಿದ ಮೇಲೆ ಮತ್ತೆ ವರ್ಷಗಟ್ಟಲೆ ಮರೆತುಬಿಡದೆ ತುಟ್ಟಿಯ ಜೊತೆ ತಾನೇ ಏರುವ ಹಾಗೆ ಮಾಡಬೇಕು. ಅದಕ್ಕಿಂತ ಮುಖ್ಯ, ಐದು ವರ್ಷ ವಂತಿಗೆ ಕಟ್ಟಿದವರು ಮಿತಿ ದಾಟಿದರೂ ಇಷ್ಟಪಟ್ಟರೆ ಮುಂದುವರಿಯಲು ಬಿಡಬೇಕು. ಇದು ತಲೆಕೆಳಗಾದ ಬೇಡಿಕೆಯೇನಲ್ಲ. ಐದು ವರ್ಷ ವಿಮೆಯಲ್ಲಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯುವ ದಾರಿ ಇಎಸ್‌ಐನಲ್ಲೇ ಇದೆ. ನಿವೃತ್ತನಿಗೆ ತೆರೆದ ಬಾಗಿಲನ್ನು ದುಡಿಯುತ್ತಿರುವವನಿಗೆ ಮುಚ್ಚಿದ್ದು ಯಾಕೆ? ಅವನ ಪಾಲು, ನನ್ನ ಪಾಲು ಎರಡನ್ನೂ ಈಗಿನ ಸಂಬಳದ ಮೇಲೇ ಕಟ್ಟುತ್ತೇವೆ.

ಸಂಬಳದ ಮಾತು. ನೀನೇಕೆ ಮೊದಲೇ ಏರಿಸಲಿಲ್ಲ ಅಂತ ಕೇಳಬಹುದು. ನನ್ನ ಜುಗ್ಗತನ ಅರ್ಧ ಕಾರಣ, ಒಪ್ಪಿದೆ. ಉಳಿದರ್ಧ ಕಾರಣ ನನಗೆ ಬರಬೇಕಾದ ಬಾಕಿ. ನಾನು ಏಳನೇ ತಾರೀಖಿನೊಳಗೆ ಸಂಬಳ ಕೊಡಬೇಕು. ನನಗೆ ದುಡ್ಡು ಕೊಡಬೇಕಾದವರು ತೊಂಬತ್ತು ದಿನ, ನೂರಿಪ್ಪತ್ತು ದಿನ ಅನ್ನುತ್ತಾರೆ. ಸಣ್ಣ ಉದ್ಯಮಗಳ 2006ರ ಎಂಎಸ್‌ಎಂಇ ಕಾಯ್ದೆ ಹೆಚ್ಚೆಂದರೆ 45 ದಿನ ಅನ್ನುತ್ತದೆ, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು 2017ರಿಂದ ಸಮಾಧಾನ್ ಪೋರ್ಟಲ್ ಇದೆ. ಅನ್ನ ಕೊಡುವ ಗಿರಾಕಿಯ ಮೇಲೆ ದೂರು ಕೊಟ್ಟು ಮರುದಿನ ಅವರದ್ದೇ ಗೇಟಿನಲ್ಲಿ ಆರ್ಡರ್‌ಗೆ ನಿಲ್ಲುವ ಎದೆ ಯಾರಿಗಿದೆ? 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲಿ ಹೊಸ ನಿಯಮ ಬಂತು: ಸಣ್ಣ ಘಟಕಗಳ ಬಿಲ್ ಅವಧಿಯೊಳಗೆ ಕೊಡದಿದ್ದರೆ, ಗಿರಾಕಿ ಅದನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ತನ್ನ ಖರ್ಚಿಗೆ ಬರೆಯಬಹುದು. ಅದರಿಂದ ಮಾರ್ಚ್ ತಿಂಗಳಲ್ಲಿ ನನಗೆ ಸ್ವಲ್ಪ ಉಸಿರು ಬರುತ್ತದೆ. ಮಿಕ್ಕ ಹನ್ನೊಂದು ತಿಂಗಳು ಹಳೇ ಕತೆಯೇ. ಬಾಕಿ ಬಂದಾಗ ಇಂಕ್ರಿಮೆಂಟ್ ಕೊಡೋಣ ಅಂತ ಮುಂದಕ್ಕೆ ಹಾಕುತ್ತೇನೆ. ಹೀಗೆ ಎರಡು ಸಲ ಮುಂದಕ್ಕೆ ಹೋದದ್ದೇ ಅಣ್ಣನ ಇಂಕ್ರಿಮೆಂಟು. ರಾಜ್ಯ ಸರ್ಕಾರದ ನಿಗಮಗಳಾದರೂ 45 ದಿನದೊಳಗೆ ಬಿಲ್ ಕೊಟ್ಟು ಉಳಿದವರಿಗೆ ದಾರಿ ತೋರಿಸಲಿ. ಇದಕ್ಕೆ ದಿಲ್ಲಿಗೆ ಪತ್ರ ಬರೆಯಬೇಕಾಗಿಲ್ಲ.

ನಮ್ಮ ತಂದೆ ಜಾಲಹಳ್ಳಿ ಕಡೆಯ ಒಂದು ಸಾರ್ವಜನಿಕ ವಲಯದ ಕಾರ್ಖಾನೆಯಲ್ಲಿ 33 ವರ್ಷ ಟರ್ನರ್ ಆಗಿದ್ದರು. ಎಚ್‌ಎಎಲ್ 1940ರದ್ದು, ಟೆಲಿಫೋನ್ ಕಾರ್ಖಾನೆ ಐಟಿಐ 1948, ಎಚ್‌ಎಂಟಿ 1953, ಬಿಇಎಲ್ 1954. ಈ ಊರಿನ ಲೇತ್ ವಿದ್ಯೆ ಬೆಳೆದದ್ದೇ ಆ ಅಂಗಳಗಳಲ್ಲಿ. ಅಲ್ಲಿ ಕಲಿತವರು, ಅಲ್ಲಿಗೆ ಜಾಬ್ ವರ್ಕ್ ಮಾಡಿದವರು ಎಷ್ಟೋ ಜನ ಪೀಣ್ಯದಲ್ಲಿ ಶೆಡ್ ಹಾಕಿದರು. ಅಲ್ಲಿ ಕ್ವಾರ್ಟರ್ಸ್ ಇತ್ತು, ಬಸ್ಸಿತ್ತು, ಕ್ಯಾಂಟೀನಿತ್ತು. ಅಪ್ಪನಿಗೆ ಬಿಡುವ ಯೋಚನೆಯೇ ಬರಲಿಲ್ಲ. ನಾನು ಒಬ್ಬನೇ ಅಷ್ಟೆಲ್ಲ ಕೊಡಲಾರೆ. ಪೀಣ್ಯದ ಸಾವಿರಾರು ಶೆಡ್ ಸೇರಿದರೆ ಕೊಡಬಹುದಾದದ್ದು ಕೆಲವಿವೆ. ಮೆಟ್ರೋ ಪೀಣ್ಯಕ್ಕೆ ಬಂದದ್ದು 2014ರಲ್ಲಿ. ಸ್ಟೇಷನ್ ಇಳಿದ ಮೇಲೆ ನಮ್ಮ ರಸ್ತೆಗೆ ಬರುವುದು ಇವತ್ತಿಗೂ ಅವರವರ ಕಾಲ ಮೇಲೆ. ಸೆಕೆಂಡ್ ಶಿಫ್ಟ್ ಮುಗಿದಾಗ ಬೀದಿ ದೀಪ ಉರಿಯುತ್ತಿದ್ದರೆ ಅದೃಷ್ಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ನಮ್ಮ ಹೆಣ್ಣುಮಕ್ಕಳ ಬಸ್ ಖರ್ಚು ಉಳಿಯಿತು, ಅದನ್ನು ಒಪ್ಪಲೇಬೇಕು. ಶಿಫ್ಟ್ ಹೊತ್ತಿಗೆ ಸ್ಟೇಷನ್ನಿನಿಂದ ಒಳರಸ್ತೆಗಳಿಗೆ ನಾಲ್ಕು ಬಸ್ಸು ಓಡಿಸಿದರೆ ಇನ್ನೂ ಹತ್ತು ಜನ ನಿಲ್ಲುತ್ತಾರೆ.

ಈಗ ಮಾಲೀಕರಿಗೆ. ಅಣ್ಣ ಹೋದ ಮೇಲೆ ಒಂದು ನಿಯಮ ಮಾಡಿಕೊಂಡೆ. ಅದೇ ಕೆಲಸಕ್ಕೆ ಹೊಸಬನಿಗೆ ಎಷ್ಟು ಕೊಡಬೇಕಾಗುತ್ತದೋ, ಮೊದಲು ಹಳಬನನ್ನು ಅದಕ್ಕಿಂತ ಮೇಲೆ ತಂದು ಆಮೇಲೆ ಹೊಸಬನನ್ನು ಕರೆಯುವುದು. ವರ್ಷಕ್ಕೆ ಎರಡೂವರೆ ಲಕ್ಷ ಜಾಸ್ತಿ ಆಯಿತು. ಹೆಂಡತಿ ಲೆಕ್ಕ ನೋಡಿ ಹುಬ್ಬೇರಿಸಿದಳು. ಹೌಸಿಂಗ್ ರಿಜೆಕ್ಷನ್ ಆದ ತಿಂಗಳ ಲೆಕ್ಕ ಪಕ್ಕಕ್ಕಿಟ್ಟೆ, ಸುಮ್ಮನಾದಳು.

ಹಳಬರೆಲ್ಲ ದೇವರುಗಳು ಅಂತ ನಾನು ಹೇಳುತ್ತಿಲ್ಲ. ಹುಡುಗರಿಗೆ ಏನೂ ಹೇಳಿಕೊಡದೆ, ಆಫ್‌ಸೆಟ್ ಬರೆದ ನೋಟ್‌ಬುಕ್ಕನ್ನು ಲಾಕರಿನಲ್ಲಿಟ್ಟು ಬೀಗ ಹಾಕಿಕೊಂಡು ಹೋಗುವವರು ನಮ್ಮಲ್ಲೂ ಇದ್ದರು. ಬಹಳ ದಿನ ಅದನ್ನು ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಕಲಿಸಿದವನಿಗಿಂತ ಕಲಿತವನಿಗೆ ಎರಡು ಸಾವಿರ ಜಾಸ್ತಿ ಸಿಗುವ ಜಾಗದಲ್ಲಿ ಯಾವ ಬುದ್ಧಿವಂತ ಕಲಿಸುತ್ತಾನೆ? ಈಗ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡ ಹಿರಿಯನಿಗೆ, ಆ ಹುಡುಗ ಒಬ್ಬನೇ ಸೆಟ್ಟಿಂಗ್ ಮಾಡುವವರೆಗೆ, ತಿಂಗಳಿಗೆ 1,500 ಪ್ರತ್ಯೇಕ ಕೊಡುತ್ತೇನೆ. ಒಂದು ಲಾಕರಿನ ಬೀಗ ಆಗಲೇ ತೆಗೆದಿದೆ.

ಜೂನ್‌ನಲ್ಲಿ ಶಾಲೆ ಫೀಸಿಗೆ ಬಡ್ಡಿಯಿಲ್ಲದ ಅಡ್ವಾನ್ಸ್, ಹತ್ತು ಕಂತಿನಲ್ಲಿ ವಾಪಸ್. ರಾಗಿ ಕುಯ್ಲಿನ ಹೊತ್ತಿಗೆ ತುಮಕೂರು, ಹಾಸನ ಕಡೆಯವರಿಗೆ ಸರದಿ ಮೇಲೆ ಎಂಟು ದಿನ ರಜೆ. ಮೊದಲು ರಜೆ ಇಲ್ಲ ಅನ್ನುತ್ತಿದ್ದೆ. ಅವರು ಕೆಲಸ ಬಿಟ್ಟು ಊರಿಗೆ ಹೋಗುತ್ತಿದ್ದರು, ಕುಯ್ಲು ಮುಗಿಸಿ ಬಂದು ಎದುರಿನ ಶೆಡ್ಡಿಗೆ ಸೇರುತ್ತಿದ್ದರು. ಈಗ ವಾಪಸ್ ಬರುವಾಗ ನನಗೂ ಎರಡು ಸೇರು ಅವರೆಕಾಯಿ ತರುತ್ತಾರೆ. ಎದುರಿನ ಶೆಡ್ ಅಂದಾಗ ನೆನಪಾಯಿತು: ಒಬ್ಬರ ಹುಡುಗರನ್ನು ಒಬ್ಬರು ಸಾವಿರ ರೂಪಾಯಿಗೆ ಎಳೆದುಕೊಳ್ಳುವ ಆಟವನ್ನು ನಾನೂ ಆಡಿದ್ದೇನೆ. ಅದರಲ್ಲಿ ಗೆದ್ದವರನ್ನು ಇನ್ನೂ ಕಂಡಿಲ್ಲ.

ಕೈಗಾರಿಕಾ ಸಚಿವರಿಗೆ ಇನ್ನೊಂದು ಮಾತು. ಸರ್ಕಾರದ ಟೂಲ್ ರೂಮ್ ತರಬೇತಿ ಕೇಂದ್ರ, ಜಿಟಿಟಿಸಿ, 1972ರಿಂದ ನಮ್ಮೂರಿನಲ್ಲೇ ಇದೆ. ಒಳ್ಳೆಯ ಹುಡುಗರನ್ನು ಕಳಿಸಿಕೊಟ್ಟಿದೆ. ಅದರ ಬಾಗಿಲನ್ನು ನಲವತ್ತು ದಾಟಿದವರಿಗೂ ಅಗಲ ಮಾಡಿ. ಸಂಜೆ ಆರರ ಮೇಲೆ, ಭಾನುವಾರ, ಕನ್ನಡದಲ್ಲಿ. ನಮ್ಮ ಗ್ರೈಂಡಿಂಗ್ ಹಿರಿಯರು ಕಲ್ಲಿನ ಶಬ್ದ ಕೇಳಿ ಎಷ್ಟು ಮೈಕ್ರಾನ್ ಉಳಿದಿದೆ ಅನ್ನುತ್ತಾರೆ, ಸ್ಕ್ರೀನಿನ ಮೇಲೆ ಇಂಗ್ಲಿಷಿನಲ್ಲಿ ಅಲಾರಂ ಬಂದರೆ ಮಾತ್ರ ಇಪ್ಪತ್ತು ವರ್ಷದ ಹುಡುಗನನ್ನು ಕೂಗಬೇಕು. ಆ ಕೂಗುವುದು ಅವರಿಗೆ ಎಷ್ಟು ಕಷ್ಟ ಅನ್ನುವುದು ಮುಖದಲ್ಲೇ ಕಾಣುತ್ತದೆ. ಹಾಗೆಯೇ ನೇಮಕಕ್ಕೆ ಕೊಡುವ ಪ್ರೋತ್ಸಾಹದ ಒಂದು ಪಾಲನ್ನು ಐದನೇ ವರ್ಷಕ್ಕೆ, ಹತ್ತನೇ ವರ್ಷಕ್ಕೆ ಎತ್ತಿಡಿ. ಅರ್ಧ ಕಾರ್ಮಿಕನ ಖಾತೆಗೆ, ಅರ್ಧ ಅವನನ್ನು ಉಳಿಸಿಕೊಂಡವನಿಗೆ. ಯಾರು ಎಷ್ಟು ವರ್ಷದಿಂದ ಎಲ್ಲಿದ್ದಾರೆ ಅನ್ನುವುದು ಪಿಎಫ್ ದಾಖಲೆಯಲ್ಲೇ ಇದೆ, ಹೊಸ ಫಾರಂ ಮಾಡಬೇಕಿಲ್ಲ. ದಯವಿಟ್ಟು ಮಾಡಬೇಡಿ.

ಅಣ್ಣ ಈಗಲೂ ಆಯುಧಪೂಜೆಗೆ ಬರುತ್ತಾರೆ. ಹೋದ ಸಲ ತಮ್ಮ ಹಳೇ ಮಷಿನ್ನಿಗೆ ತಾವೇ ಕುಂಕುಮ ಹಚ್ಚಿ, ಸ್ಪಿಂಡಲ್ ಆನ್ ಮಾಡಿ, ಕಿವಿಗೊಟ್ಟು, "ಬೇರಿಂಗ್ ನೋಡಿಸಿ ಸಾರ್" ಅಂದು ಹೋದರು. ನೋಡಿಸಿದೆ, ಹೋಗಿತ್ತು. ವಾಪಸ್ ಬನ್ನಿ ಅಂತ ಕೇಳಲು ಬಾಯಿಗೆ ಬಂದದ್ದು ಬಾಯಲ್ಲೇ ಉಳಿಯಿತು.

ಇನ್ಸ್‌ಪೆಕ್ಷನ್ನಿನ ಆ ತಾಯಿಯ ಸಂಬಳ ಇನ್ನೂ 20,800ರಲ್ಲೇ ಇದೆ. ಏಪ್ರಿಲ್‌ನಲ್ಲಿ ಇಂಕ್ರಿಮೆಂಟ್ ಪಟ್ಟಿ ಮತ್ತೆ ನನ್ನ ಮೇಜಿಗೆ ಬರುತ್ತದೆ. ಅಷ್ಟರೊಳಗೆ ನಿಮ್ಮಿಂದ ಒಂದು ಉತ್ತರ ಬಂದರೆ ಉಪಕಾರವಾಗುತ್ತದೆ.

ಇತಿ,
ಪೀಣ್ಯ ಎರಡನೇ ಹಂತದ ಒಬ್ಬ ಮಷಿನ್ ಶಾಪ್ ಮಾಲೀಕ